ನದಿ ಸ್ವಚ್ಛವಾಯಿತು ಅನ್ನುವ ಮೊದಲು ಹೂಳು ನೋಡಿ

ಒಂದು ಪ್ರಶ್ನೆ ಬಹಳ ದಿನದಿಂದ ನನ್ನ ತಲೆ ಕೊರೆಯುತ್ತಿತ್ತು. ರೈನ್ ನದಿಗೆ ಸತ್ತು ಬದುಕಿದ ನದಿ ಅಂತ ಹೆಸರು. 1970ರ ಹೊತ್ತಿಗೆ ಅದನ್ನು ಯುರೋಪಿನ ಚರಂಡಿ ಅನ್ನುತ್ತಿದ್ದರು. ಆಮೇಲೆ ಕೊಳಚೆ ನೀರು ಶುದ್ಧ ಮಾಡುವ ಘಟಕಗಳು ಬಂದವು, ನೀರಿನಲ್ಲಿ ಆಮ್ಲಜನಕ ಹೆಚ್ಚಿತು, 1990ರ ದಶಕದಲ್ಲಿ ಸಾಲ್ಮನ್ ಮೀನು ಕೂಡ ಮರಳಿ ಬಂತು. ನದಿ ಉಳಿಸಬಹುದು ಅಂತ ಹೇಳುವವರೆಲ್ಲ ಇವತ್ತಿಗೂ ರೈನ್ ಕಡೆ ಬೆರಳು ತೋರಿಸುತ್ತಾರೆ. ಹೀಗಿದ್ದೂ 2011ರ ಏಪ್ರಿಲ್ 1ರಂದು, ಆ ನದಿಯ ಕೊನೆಯ ದೇಶವಾದ ನೆದರ್‌ಲ್ಯಾಂಡ್ಸ್, ರೈನ್ ಮತ್ತು ಮ್ಯೂಸ್ ನದಿಗಳ ದೊಡ್ಡ ಕವಲುಗಳಲ್ಲಿ ಹಾವುಮೀನು ಹಿಡಿಯುವುದನ್ನೇ ನಿಲ್ಲಿಸಿಬಿಟ್ಟಿತು. ಕಾರಣ ಡಯಾಕ್ಸಿನ್ ಮತ್ತು ಪಿಸಿಬಿ ಅನ್ನುವ, ಬೇಗ ನಾಶವಾಗದ ರಾಸಾಯನಿಕ ವಿಷಗಳು.

ಪಿಸಿಬಿ ತಯಾರಿ ಯುರೋಪಿನ ಹೆಚ್ಚಿನ ಕಡೆ 1980ರ ದಶಕದಲ್ಲೇ ನಿಂತಿತ್ತು. ಇಪ್ಪತ್ತೈದು ವರ್ಷ ಆದಮೇಲೆ, ನೀರು ತಿಳಿಯಾದ ಮೇಲೆ, ಮೀನು ಯಾಕೆ ತಿನ್ನುವ ಹಾಗಿಲ್ಲ? ಇದನ್ನು ಹಿಡಿದು ಓದುತ್ತಾ ಹೋದೆ. ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ನಾವು ನದಿಯನ್ನು ಅಳೆಯುವಾಗ ನೋಡುವುದು ನೀರನ್ನು. ಈ ವಿಷಗಳು ಕೂತಿರುವುದು ಹೂಳಿನಲ್ಲಿ. ಹೂಳು ನದಿಯ ಜೊತೆಗೇ ಗಡಿ ದಾಟುತ್ತದೆ, ಆದರೆ ನೀರಿಗಿಂತ ಎಷ್ಟೋ ನಿಧಾನವಾಗಿ, ಕೆಲವೊಮ್ಮೆ ಐವತ್ತು ವರ್ಷ ತಡವಾಗಿ.

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ಪುಸ್ತಕದ ಕನ್ನಡದಲ್ಲಿ ಇವನ್ನು ‘ದೀರ್ಘಕಾಲಿಕ ಸಾವಯವ ಮಾಲಿನ್ಯಕಾರಕಗಳು’ ಅನ್ನುತ್ತಾರೆ. ಸಾವಯವ ಅಂದ ಕೂಡಲೇ ನಮಗೆ ಗೊಬ್ಬರ, ತರಕಾರಿ ನೆನಪಾಗುತ್ತದೆ, ಅಲ್ವಾ? ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಇಂಗಾಲದಿಂದ ಕಟ್ಟಿದ ರಾಸಾಯನಿಕ ಅಂತ ಮಾತ್ರ ಅರ್ಥ. ನಾನು ಇಲ್ಲಿ ಹಠಮಾರಿ ವಿಷ ಅಂತಲೇ ಬರೆಯುತ್ತೇನೆ. ಡಿಡಿಟಿ, ಆಲ್ಡ್ರಿನ್, ಎಚ್‌ಸಿಬಿ, ಪಿಸಿಬಿ, ಡಯಾಕ್ಸಿನ್, ಎಂಡೋಸಲ್ಫಾನ್ ಎಲ್ಲ ಈ ಗುಂಪಿನವು. ಇವುಗಳ ಮೇಲೆ ಇರುವ ಸ್ಟಾಕ್‌ಹೋಮ್ ಒಪ್ಪಂದಕ್ಕೆ 2001ರ ಮೇ 22ರಂದು ಒಪ್ಪಿಗೆ ಸಿಕ್ಕಿತು, 2004ರ ಮೇ 17ರಂದು ಅದು ಜಾರಿಗೆ ಬಂತು. ಮೊದಲು ಪಟ್ಟಿಯಲ್ಲಿ 12 ಇದ್ದವು. ಈಗ 30 ದಾಟಿದೆ.

ಯಾವುದು ಹಠಮಾರಿ ಅಂತ ತೀರ್ಮಾನಿಸುವುದಕ್ಕೆ ಒಪ್ಪಂದದಲ್ಲೇ ಅಳತೆ ಇದೆ. ನೀರಿನಲ್ಲಿ ಅರ್ಧದಷ್ಟು ಒಡೆದು ನಾಶವಾಗಲು 2 ತಿಂಗಳಿಗಿಂತ ಜಾಸ್ತಿ ಬೇಕು, ಇಲ್ಲವೇ ಮಣ್ಣು ಅಥವಾ ಹೂಳಿನಲ್ಲಿ 6 ತಿಂಗಳಿಗಿಂತ ಜಾಸ್ತಿ. ಸುತ್ತಲಿನ ನೀರಿನಲ್ಲಿ ಇರುವುದಕ್ಕಿಂತ 5,000 ಪಟ್ಟು ಹೆಚ್ಚಾಗಿ ಮೀನಿನಂಥ ಜಲಜೀವಿಯ ಮೈಯಲ್ಲಿ ಸೇರಿಕೊಳ್ಳುವುದು ಇನ್ನೊಂದು ಗುರುತು. ಇವು ಕನಿಷ್ಠ ಮಿತಿಗಳು. ಪಿಸಿಬಿಯಂಥವು ಹೂಳಿನಲ್ಲಿ ಹತ್ತಾರು ವರ್ಷ ಇರುತ್ತವೆ.

ಇವುಗಳ ಗುಣ ಅರ್ಥವಾಗಬೇಕಾದರೆ ಒಂದು ಜಿಡ್ಡಿನ ಪಾತ್ರೆಯನ್ನು ಬರೀ ತಣ್ಣೀರಿನಲ್ಲಿ ತೊಳೆದು ನೋಡಿ. ನೀರು ಸುಮ್ನೆ ಹರಿದು ಹೋಗುತ್ತದೆ, ಹೋದ ನೀರನ್ನು ಹಿಡಿದು ನೋಡಿದರೆ ಏನೂ ಕಾಣುವುದಿಲ್ಲ, ಜಿಡ್ಡು ಮಾತ್ರ ಪಾತ್ರೆಗೆ ಹಾಗೇ ಅಂಟಿರುತ್ತದೆ. ಹಠಮಾರಿ ವಿಷಗಳಲ್ಲಿ ಹೆಚ್ಚಿನವು ಹೀಗೆಯೇ. ನೀರು ಅಂದರೆ ಆಗುವುದಿಲ್ಲ, ಜಿಡ್ಡು ಅಂದರೆ ಇಷ್ಟ. ನದಿಗೆ ಬಿದ್ದ ಕೂಡಲೇ ನುಣ್ಣನೆಯ ಮಣ್ಣಿನ ಕಣಗಳಿಗೆ, ಕೊಳೆತ ಎಲೆಯ ಚೂರುಗಳಿಗೆ ಅಂಟಿಕೊಳ್ಳುತ್ತವೆ. ಹರಿವು ನಿಧಾನವಾದ ಕಡೆ ಕಣದ ಜೊತೆ ತಳಕ್ಕೆ ಇಳಿಯುತ್ತವೆ. ಅಲ್ಲಿ ಹುಳು ಕೆಸರು ತಿನ್ನುತ್ತದೆ, ಹುಳುವನ್ನು ಮೀನು ತಿನ್ನುತ್ತದೆ, ವಿಷ ಕೆಸರಿನಿಂದ ಎದ್ದು ಕೊಬ್ಬಿಗೆ ಸೇರುತ್ತದೆ. ಕೊಬ್ಬಿಗೆ ಸೇರಿದ ಮೇಲೆ ಹೊರಗೆ ಹೋಗುವ ದಾರಿ ಬಹಳ ಕಡಿಮೆ.

ಹಾವುಮೀನಿನ ಕಥೆ ಇಲ್ಲಿಂದಲೇ ಬಿಡಿಸಿಕೊಳ್ಳುತ್ತದೆ. ಅದು ಹಗಲೆಲ್ಲ ತಳದ ಕೆಸರಿನಲ್ಲಿ ಹೂತು ಕೂತಿರುತ್ತದೆ. ರಾತ್ರಿ ಎದ್ದು ಹುಳ, ಬಸವನಹುಳ, ಸಣ್ಣ ಮೀನು ತಿನ್ನುತ್ತದೆ. ಹತ್ತು ವರ್ಷ, ಕೆಲವು ಹೆಣ್ಣುಗಳು ಇಪ್ಪತ್ತು ವರ್ಷವೂ ನದಿಯಲ್ಲೇ ಇರುತ್ತವೆ. ಮೈಯಲ್ಲಿ ಕೊಬ್ಬು ಬಹಳ, ಬಲಿತ ಹಾವುಮೀನಿನ ತೂಕದಲ್ಲಿ ಕಾಲು ಭಾಗದಷ್ಟು ಕೊಬ್ಬೇ ಇರುತ್ತದೆ. ಇನ್ನೊಂದು ಮುಖ್ಯ ವಿಷಯ, ಬೇರೆ ಮೀನುಗಳು ಪ್ರತಿ ವರ್ಷ ಮೊಟ್ಟೆ ಇಡುವಾಗ ಮೈಯಲ್ಲಿರುವ ವಿಷದ ಒಂದು ಪಾಲನ್ನು ಮೊಟ್ಟೆಯ ಕೊಬ್ಬಿನ ಜೊತೆ ಹೊರಹಾಕುತ್ತವೆ, ಹಾವುಮೀನಾದರೋ ನದಿಯಲ್ಲಿ ಒಂದು ಸಲವೂ ಮೊಟ್ಟೆ ಇಡುವುದಿಲ್ಲ. ಸೇರಿದ್ದೆಲ್ಲ ಸೇರುತ್ತಲೇ ಹೋಗುತ್ತದೆ. ನೀರಿನ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಅಂತ ಬರೆದ ವಿಷ ಹಾವುಮೀನಿನ ಕೊಬ್ಬಿನಲ್ಲಿ ಲೆಕ್ಕಕ್ಕೆ ಸಿಗುತ್ತದೆ.

ಈಗ 1986ಕ್ಕೆ ಬರೋಣ. ಆ ವರ್ಷ ನವೆಂಬರ್ 1ರ ರಾತ್ರಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹೊಡೆದ ನೀರು ಟನ್‌ಗಟ್ಟಲೆ ಕೀಟನಾಶಕವನ್ನು ರೈನ್‌ಗೆ ಕೊಚ್ಚಿಕೊಂಡು ಹೋಯಿತು. ಒಂದು ಬಣ್ಣವೂ ಸೇರಿಕೊಂಡು ನದಿ ಕೆಂಪಾಯಿತು. ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತು ತೇಲಿದವು, ಸುಮಾರು 1.5 ಲಕ್ಷ ಅಂತ ಲೆಕ್ಕ. ಮರುವರ್ಷವೇ ರೈನ್ ಕ್ರಿಯಾ ಯೋಜನೆ ಬಂತು, ದೇಶಗಳು ಎಚ್ಚೆತ್ತವು. ಈ ಕಥೆ ಎಲ್ಲರಿಗೂ ಗೊತ್ತು.

ಹೆಚ್ಚು ಮಂದಿ ಗಮನಿಸದ ಸಂಗತಿ ಬೇರೆ ಇದೆ. ಅಂದು ಹರಿದ ಕೀಟನಾಶಕಗಳಲ್ಲಿ ಹೆಚ್ಚಿನವು ರಂಜಕದ ಜಾತಿಯವು. ಘೋರ ವಿಷ, ಆದರೆ ಬೇಗ ಒಡೆದು ಹೋಗುವಂಥವು. ಕೆಲವೇ ವರ್ಷಗಳಲ್ಲಿ ನದಿ ಚೇತರಿಸಿಕೊಂಡಿತು. ಅದೇ ಕಾಲದಲ್ಲಿ, ಬಾಸೆಲ್‌ಗಿಂತ ಸ್ವಲ್ಪ ಮೇಲೆ, ರೈನ್‌ಫೆಲ್ಡನ್ ಅನ್ನುವಲ್ಲಿ ಒಂದು ರಾಸಾಯನಿಕ ಕಾರ್ಖಾನೆಯಿಂದ ಎಚ್‌ಸಿಬಿ, ಅಂದರೆ ಹೆಕ್ಸಾಕ್ಲೋರೊಬೆಂಜೀನ್ ಅನ್ನುವ ಹಠಮಾರಿ ವಿಷ, ವರ್ಷಗಟ್ಟಲೆ ಸದ್ದಿಲ್ಲದೆ ನದಿ ಸೇರಿತ್ತು. ಬಣ್ಣ ಇಲ್ಲ, ಸತ್ತ ಮೀನು ಇಲ್ಲ, ಪತ್ರಿಕೆಯ ಮುಖಪುಟ ಇಲ್ಲ. ಆ ಎಚ್‌ಸಿಬಿ ಇವತ್ತಿಗೂ ಫ್ರಾನ್ಸ್–ಜರ್ಮನಿ ಗಡಿಯುದ್ದಕ್ಕೂ ಇರುವ ಅಣೆಕಟ್ಟುಗಳ ಹಿಂದೆ ಹೂಳಿನಲ್ಲಿ ಕೂತಿದೆ.

ಎಚ್‌ಸಿಬಿ ಏನು ಮಾಡಬಲ್ಲದು ಅನ್ನುವುದಕ್ಕೆ ಟರ್ಕಿಯ ಉದಾಹರಣೆ ಸಾಕು. 1950ರ ದಶಕದ ಕೊನೆಯಲ್ಲಿ ಅಲ್ಲಿ ಬಿತ್ತನೆಗೆಂದು ಬೂಷ್ಟು ಹಿಡಿಯದಂತೆ ಈ ಮದ್ದು ಲೇಪಿಸಿದ್ದ ಗೋಧಿಯನ್ನು ಜನ ಹಿಟ್ಟು ಮಾಡಿ ತಿಂದು ಸಾವಿರಾರು ಮಂದಿ ಕಾಯಿಲೆ ಬಿದ್ದರು. ಎದೆಹಾಲು ಕುಡಿದ ಕೂಸುಗಳೂ ಸತ್ತವು.

ರೈನ್‌ನ ಆ ಅಣೆಕಟ್ಟುಗಳಲ್ಲಿ ಕೊನೆಯದು ಇಫೆಟ್ಸ್‌ಹೈಮ್. ಅಲ್ಲಿ ಹಡಗು ಓಡಾಡಬೇಕಾದರೆ ಆಗಾಗ ಹೂಳು ಎತ್ತಲೇಬೇಕು. ಎತ್ತಿದ ಹೂಳನ್ನು ಏನು ಮಾಡುವುದು? ಅಣೆಕಟ್ಟಿನ ಕೆಳಗೆ ಬಿಟ್ಟರೆ ಖರ್ಚು ಕಡಿಮೆ, ನದಿಯೇ ಹೊತ್ತುಕೊಂಡು ಹೋಗುತ್ತದೆ. ಆದರೆ ಅದು ಹೋಗುವುದು ಕೆಳಗಿನ ದೇಶಕ್ಕೆ. ಎತ್ತದೆ ಬಿಟ್ಟರೆ ದೊಡ್ಡ ಪ್ರವಾಹ ಬಂದ ದಿನ ತಾನಾಗಿಯೇ ಎದ್ದು ಹೋಗುತ್ತದೆ. ದಡಕ್ಕೆ ಸಾಗಿಸಿ ಭದ್ರವಾಗಿ ಇಡಬೇಕಾದರೆ ಭಾರೀ ಖರ್ಚು. ರೈನ್ ದೇಶಗಳ ಜಂಟಿ ಆಯೋಗ ಹುಟ್ಟಿದ್ದು 1950ರಲ್ಲಿ, ಹೂಳಿಗೆ ಅಂತಲೇ ಒಂದು ಒಟ್ಟು ಯೋಜನೆ ಮಾಡಿದ್ದು 2009ರಲ್ಲಿ. ನೀರಿನ ಬಗ್ಗೆ ಮಾತಾಡಿ ಹೂಳಿಗೆ ಬರುವಷ್ಟರಲ್ಲಿ ಸುಮಾರು ಅರವತ್ತು ವರ್ಷ ಹಿಡಿಯಿತು. ಅದು ಜಗತ್ತಿನ ಅತ್ಯಂತ ಚೆನ್ನಾಗಿ ನಡೆಯುವ ನದಿ ಆಯೋಗಗಳಲ್ಲಿ ಒಂದು ಅನ್ನುವುದನ್ನೂ ನೆನಪಿಡಿ.

ನನಗೆ ತುಂಬಾ ಇಷ್ಟವಾದ ಪ್ರಸಂಗ ರೈನ್‌ನ ಕೊನೆಯಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿರುವ ರೋಟರ್‌ಡ್ಯಾಮ್ ಬಂದರಿನದು. ಬಂದರು ಆಳವಾಗಿ ಉಳಿಯಬೇಕಾದರೆ ಅಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಘನಮೀಟರ್ ಹೂಳು ಎತ್ತಬೇಕು. 1980ರ ದಶಕದಲ್ಲಿ ಅದರಲ್ಲಿ ದೊಡ್ಡ ಪಾಲನ್ನು ಸಮುದ್ರಕ್ಕೆ ಹಾಕುವ ಹಾಗೂ ಇರಲಿಲ್ಲ, ಹೊಲಕ್ಕೆ ಹಾಕುವ ಹಾಗೂ ಇರಲಿಲ್ಲ, ಅಷ್ಟು ವಿಷ. ಕೊನೆಗೆ ಸಮುದ್ರದ ಅಂಚಿನಲ್ಲಿ ಸ್ಲುಫ್ಟರ್ ಅನ್ನುವ ಒಂದು ದೊಡ್ಡ ಗುಂಡಿ ಕಟ್ಟಿ 1987ರಿಂದ ಅಲ್ಲಿ ತುಂಬಿಸಲು ಶುರು ಮಾಡಿದರು. ಯಾರೋ ಮೇಲೆ ಮಾಡಿದ ಗಲೀಜಿಗೆ ಕೆಳಗಿನವರು ದುಡ್ಡು ಕೊಟ್ಟು ಗುಂಡಿ ತೋಡಿದರು.

ಆದರೆ ಊರಿನವರು ಅಷ್ಟಕ್ಕೇ ಬಿಡಲಿಲ್ಲ. 1984ರಿಂದ ನದಿಯ ಮೇಲ್ಭಾಗಕ್ಕೆ ಹೋಗಿ ಯಾವ ಕಾರ್ಖಾನೆಯ ಯಾವ ಕೊಳವೆಯಿಂದ ಏನು ಬರುತ್ತಿದೆ ಅಂತ ತಾವೇ ಮಾದರಿ ತೆಗೆದು ಪತ್ತೆ ಹಚ್ಚಿದರು. ನಮ್ಮ ಹೂಳಿನಲ್ಲಿ ನಿಮ್ಮ ವಿಷ ಇದೆ, ಕಡಿಮೆ ಮಾಡಿ, ಇಲ್ಲದಿದ್ದರೆ ಕೋರ್ಟಿನಲ್ಲಿ ಸಿಗೋಣ ಅಂತ ಒಬ್ಬೊಬ್ಬರ ಜೊತೆ ಮಾತುಕತೆಗೆ ಕೂತರು. ಕೋರ್ಟಿನ ಮಾತಿಗೆ ಬಲ ಇತ್ತು. 1976ರಲ್ಲಿ ಯುರೋಪಿನ ನ್ಯಾಯಾಲಯ, ಫ್ರಾನ್ಸಿನ ಪೊಟ್ಯಾಷ್ ಗಣಿಗಳು ರೈನ್‌ಗೆ ಉಪ್ಪು ಬಿಡುತ್ತಿದ್ದ ಬಗ್ಗೆ ಡಚ್ ಸಸಿ ಬೆಳೆಗಾರರೊಬ್ಬರು ಹಾಕಿದ ಕೇಸಿನಲ್ಲಿ, ಹಾನಿಯಾದ ಜಾಗದಲ್ಲೂ ದಾವೆ ಹೂಡಬಹುದು ಅಂತ ಹೇಳಿತ್ತು. ಹಲವು ಕಂಪನಿಗಳು ಒಪ್ಪಿ ಸಹಿ ಹಾಕಿದವು. ದೇಶ ದೇಶಗಳ ನಡುವಿನ ಮಾತು ಕುಂಟುತ್ತಿದ್ದಾಗ ಒಂದು ಊರು ತನ್ನ ಕೆಸರಿನ ಲೆಕ್ಕ ಹಿಡಿದು ಗಡಿ ದಾಟಿ ಹೋಯಿತು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ಎಲ್ಬೆ ನದಿಯ ಒಂದು ಘಟನೆ ಹೇಳುತ್ತೇನೆ, ಇದು ಹೊಸದು. ಎಲ್ಬೆ ಚೆಕ್ ದೇಶದಲ್ಲಿ ಹುಟ್ಟಿ ಜರ್ಮನಿಯಲ್ಲಿ ಹರಿದು ಹ್ಯಾಂಬರ್ಗ್ ದಾಟಿ ಸಮುದ್ರ ಸೇರುತ್ತದೆ. 2015ರಲ್ಲಿ ಜರ್ಮನಿ ಕಡೆಯ ಮಾಪನ ಕೇಂದ್ರಗಳಲ್ಲಿ, ನೀರಿನಲ್ಲಿ ತೇಲಿ ಬರುವ ಹೂಳಿನ ಕಣಗಳಲ್ಲಿ ಪಿಸಿಬಿ ಏಕಾಏಕಿ ಜಾಸ್ತಿಯಾಯಿತು. ಎಲ್ಲೂ ಕಾರ್ಖಾನೆ ಒಡೆದಿಲ್ಲ, ಪ್ರವಾಹ ಬಂದಿಲ್ಲ. ಮೂಲ ಹುಡುಕುತ್ತಾ ಹೋದರೆ ಸಿಕ್ಕಿದ್ದು ಚೆಕ್ ದೇಶದ ಉಸ್ತಿ ನಾಡ್ ಲಾಬೆಮ್ ಊರಿನ ಒಂದು ರೈಲು ಸೇತುವೆ. ಅದಕ್ಕೆ ಹೊಸ ಬಣ್ಣ ಹೊಡೆಯುವ ಮುಂಚೆ ಹಳೇ ಬಣ್ಣ ತೆಗೆಯುತ್ತಿದ್ದರು. ಆ ಹಳೇ ಬಣ್ಣದಲ್ಲಿ ಪಿಸಿಬಿ ಇತ್ತು. ಒಂದು ಕಾಲದಲ್ಲಿ ಬಣ್ಣ ಬಿರುಕು ಬಿಡದೆ ಗಟ್ಟಿಯಾಗಿ ಕೂರಲಿ ಅಂತ ಇದನ್ನು ಬೆರೆಸುತ್ತಿದ್ದರು. ಸಿಪ್ಪೆ ಸಿಪ್ಪೆಯಾಗಿ ಎದ್ದ ಬಣ್ಣದ ಪುಡಿ ಕೆಳಗೆ ನದಿಗೆ ಬಿತ್ತು, ಗಡಿ ದಾಟಿತು, ನೂರಾರು ಕಿಲೋಮೀಟರ್ ಕೆಳಗಿನ ಹೂಳಿನಲ್ಲೂ ಗುರುತು ಬಿಟ್ಟಿತು.

ಚೆಕೊಸ್ಲೊವಾಕಿಯಾ ಪಿಸಿಬಿ ತಯಾರಿಸುವುದನ್ನು ನಿಲ್ಲಿಸಿದ್ದು 1984ರಲ್ಲಿ. ಆ ಹೆಸರಿನ ದೇಶವೇ ಈಗ ಇಲ್ಲ. ಒಂದು ಸೇತುವೆಗೆ ಬಣ್ಣ ಹೊಡೆಯುವಷ್ಟು ಸಾಮಾನ್ಯ ಕೆಲಸ ಮೂವತ್ತು ವರ್ಷದ ಹಿಂದಿನ ವಿಷವನ್ನು ಪಕ್ಕದ ದೇಶಕ್ಕೆ ಕಳಿಸಿತು. ಇದು ಗೊತ್ತಾಗಿದ್ದು ಯಾಕೆ? ಗಡಿಯ ಎರಡೂ ಕಡೆ ಹೂಳಿನ ಕಣಗಳನ್ನು ವರ್ಷಗಟ್ಟಲೆ ಬಿಡದೆ ಅಳೆಯುತ್ತಿದ್ದರು, ಅಳೆದದ್ದನ್ನು ಪರಸ್ಪರ ತೋರಿಸುತ್ತಿದ್ದರು. ಎಲ್ಬೆ ಆಯೋಗ 1990ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಬರೀ ನೀರು ಅಳೆದಿದ್ದರೆ ಆ ಸೇತುವೆ ಬಹುಶಃ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಮೆರಿಕ–ಕೆನಡಾ ಗಡಿಯ ಕಥೆಯಲ್ಲಿ ನದಿಯ ಜೊತೆ ಮನುಷ್ಯರು ಹೆಚ್ಚು ಕಾಣುತ್ತಾರೆ. ನಯಾಗರಾ ನದಿ ಬರೀ 58 ಕಿಲೋಮೀಟರ್ ಉದ್ದ. ಅದರ ದಡದಲ್ಲಿ 20ನೇ ಶತಮಾನದಲ್ಲಿ ರಾಸಾಯನಿಕ ಕಾರ್ಖಾನೆಗಳೂ ಅವುಗಳ ಕಸದ ಗುಂಡಿಗಳೂ ತುಂಬಿಕೊಂಡಿದ್ದವು. ಅದರಲ್ಲಿ ಲವ್ ಕೆನಾಲ್ ಅನ್ನುವ ಕಸದ ಗುಂಡಿ ಜಗತ್ತಿಗೆಲ್ಲ ಗೊತ್ತು. ಈ ನದಿ ಬೀಳುವ ಒಂಟಾರಿಯೊ ಸರೋವರದಲ್ಲಿ ಕಡಲಹಕ್ಕಿಗಳ ಮೊಟ್ಟೆಗಳನ್ನು ಕೆನಡಾದ ವಿಜ್ಞಾನಿಗಳು 1970ರ ದಶಕದಿಂದ ಪ್ರತಿ ವರ್ಷ ತೆಗೆದು ಪರೀಕ್ಷಿಸುತ್ತಾ ಬಂದಿದ್ದಾರೆ. ನೀರಿನಲ್ಲಿದ್ದ ಪಿಸಿಬಿ ಆಹಾರ ಸರಪಳಿ ಹತ್ತಿ ಆ ಹಕ್ಕಿಯ ಮೈ ಸೇರುವಷ್ಟರಲ್ಲಿ ಸುಮಾರು 2.5 ಕೋಟಿ ಪಟ್ಟು ಹೆಚ್ಚಿರುತ್ತದೆ ಅನ್ನುವ ಲೆಕ್ಕ ಈ ಸರೋವರದ್ದೇ. ಹಕ್ಕಿ ಯಾವ ದೇಶದ ಮೀನು ತಿಂದಿತು ಅಂತ ಕೇಳುವುದರಲ್ಲಿ ಅರ್ಥ ಇಲ್ಲ. ಆ ಮೊಟ್ಟೆ ಎರಡೂ ದೇಶದ ಒಟ್ಟು ಲೆಕ್ಕ.

ಅದೇ ನೀರು ಮುಂದೆ ಸೇಂಟ್ ಲಾರೆನ್ಸ್ ನದಿಯಾಗಿ ಹರಿಯುವಾಗ ಆಕ್ವೆಸಾಸ್ನೆ ಅನ್ನುವ, ಮೊಹಾಕ್ ಮೂಲನಿವಾಸಿಗಳ ನೆಲ ಸಿಗುತ್ತದೆ. ಗಡಿ ಈ ನೆಲದ ನಡುವೆಯೇ ಹಾದು ಹೋಗಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯ ಒಂದು ಕಡೆ, ಕೆನಡಾದ ಒಂಟಾರಿಯೊ ಮತ್ತು ಕ್ವಿಬೆಕ್ ಪ್ರಾಂತ್ಯಗಳು ಇನ್ನೊಂದು ಕಡೆ. ಪಕ್ಕದ ಮಸೀನಾದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಎರಕದ ಕಾರ್ಖಾನೆ ಇತ್ತು. ಅಲ್ಲಿನ ಯಂತ್ರಗಳ ಹೈಡ್ರಾಲಿಕ್ ಎಣ್ಣೆಯಲ್ಲಿ ಪಿಸಿಬಿ ಇತ್ತು, ಅದು ನೆಲಕ್ಕೂ ನದಿಯ ಹೂಳಿಗೂ ಸೇರಿತು. ಅಮೆರಿಕದ ನಿಯಮದಲ್ಲಿ ಹತ್ತು ಲಕ್ಷಕ್ಕೆ 50 ಭಾಗ ಪಿಸಿಬಿ ಇದ್ದರೆ ಅದನ್ನು ವಿಷದ ತ್ಯಾಜ್ಯದ ಹಾಗೆ ವಿಲೇವಾರಿ ಮಾಡಬೇಕು. ಇಲ್ಲಿ ಹಿಡಿದ ಆಮೆಗಳ ಕೊಬ್ಬಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಬದುಕಿರುವ ಆಮೆಯೇ ಕಾನೂನಿನ ಲೆಕ್ಕದಲ್ಲಿ ವಿಷದ ಕಸ. ಈ ಸಾಲು ಓದಿ ಸ್ವಲ್ಪ ಹೊತ್ತು ಮುಂದೆ ಓದಲು ನನಗೆ ಆಗಲಿಲ್ಲ.

ಬಸುರಿಯರು, ಹಾಲುಣಿಸುವ ತಾಯಂದಿರು ಇಲ್ಲಿಯ ಮೀನು ತಿನ್ನಬೇಡಿ ಅಂತ 1980ರ ದಶಕದಲ್ಲಿ ಸಲಹೆ ಬಂತು. ಹೆಂಗಸರು ಮೀನು ಬಿಟ್ಟರು. ಎದೆಹಾಲಿನಲ್ಲಿ ಪಿಸಿಬಿ ಇಳಿಯಿತು. ಸಲಹೆ ಕೆಲಸ ಮಾಡಿತು ಅಂತ ವರದಿಯಲ್ಲಿ ಬರೆಯಬಹುದು. ಆದರೆ ಮೀನು ಹಿಡಿದು, ಹಂಚಿ, ತಿಂದು ಬದುಕಿದ್ದ ಒಂದು ಜನಾಂಗ ನದಿ ದಡದಲ್ಲೇ ಇದ್ದು ನದಿಯಿಂದ ದೂರವಾಯಿತು. ಅಪ್ಪ ಮಗನಿಗೆ ಬಲೆ ಹಾಕುವುದನ್ನು ಕಲಿಸದಿದ್ದರೆ ಆ ಕೆಲಸದ ಜೊತೆ ಬರುವ ಮಾತುಗಳೂ ಹೋಗುತ್ತವೆ. ಇದನ್ನು ಯಾವ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ?

ಎಲ್ಲ ಹಠಮಾರಿ ವಿಷಗಳೂ ಜಿಡ್ಡಿಗೇ ಅಂಟುತ್ತವೆ ಅಂದುಕೊಳ್ಳಬೇಡಿ. ಬಟ್ಟೆಗೆ ಕಲೆ ಹತ್ತದಿರಲಿ ಅಂತಲೂ ಬೆಂಕಿ ಆರಿಸುವ ನೊರೆಯಲ್ಲೂ ಬಳಸುತ್ತಿದ್ದ ಪಿಎಫ್‌ಒಎಸ್ ಅನ್ನುವುದು ಬೇರೆ ಥರ, ಅದು ನೀರಿನಲ್ಲೂ ಕರಗುತ್ತದೆ, ಮೈಯೊಳಗೆ ರಕ್ತದ ಪ್ರೋಟೀನಿಗೆ ಅಂಟುತ್ತದೆ. ಅದು 2009ರಲ್ಲಿ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿತು. ಸ್ಕೆಲ್ಟ್ ನದಿ ಫ್ರಾನ್ಸಿನಲ್ಲಿ ಹುಟ್ಟಿ ಬೆಲ್ಜಿಯಂನ ಆಂಟ್‌ವರ್ಪ್ ದಾಟಿ ನೆದರ್‌ಲ್ಯಾಂಡ್ಸ್‌ನಲ್ಲಿ ಸಮುದ್ರ ಸೇರುತ್ತದೆ. ಆಂಟ್‌ವರ್ಪ್ ಪಕ್ಕದ ಜ್ವೈನ್‌ಡ್ರೆಖ್ಟ್‌ನಲ್ಲಿ 3ಎಂ ಕಂಪನಿ ಇದನ್ನು ತಯಾರಿಸುತ್ತಿತ್ತು, 2002ರ ಹೊತ್ತಿಗೆ ನಿಲ್ಲಿಸಿತ್ತು. ಆದರೂ 2022ರಲ್ಲಿ ಡಚ್ ಆರೋಗ್ಯ ಸಂಸ್ಥೆ, ಆ ನದಿ ಸಮುದ್ರ ಸೇರುವ ಅಳಿವೆಯಾದ ವೆಸ್ಟರ್ನ್ ಸ್ಕೆಲ್ಟ್‌ನಲ್ಲಿ ಸ್ವಂತಕ್ಕೆ ಹಿಡಿದ ಮೀನು, ಸಿಗಡಿ ತಿನ್ನುವುದನ್ನು ಆದಷ್ಟು ಬಿಡಿ ಅಂತ ಜನರಿಗೆ ಹೇಳಬೇಕಾಯಿತು. ಮತ್ತೆ ಅದೇ ಕಥೆ. ಮೇಲೆ ಕಾರ್ಖಾನೆ, ಕೆಳಗೆ ಬೇರೆ ದೇಶದ ತಟ್ಟೆ.

ಇಷ್ಟೆಲ್ಲ ಒಪ್ಪಂದಗಳಿದ್ದೂ ಯಾಕೆ ಹೀಗೆ ಅಂತ ನೀವು ಕೇಳಬಹುದು. ನಾನು ಸ್ಟಾಕ್‌ಹೋಮ್ ಒಪ್ಪಂದದ 6ನೇ ವಿಧಿಯನ್ನು ಕೂತು ಓದಿದೆ. ವಿಷ ಸೇರಿದ ಜಾಗಗಳನ್ನು ಗುರುತಿಸುವ ದಾರಿ ಕಂಡುಕೊಳ್ಳಲು ದೇಶಗಳು ‘ಪ್ರಯತ್ನಿಸಬೇಕು’ ಅಂತ ಅಲ್ಲಿದೆ. ಆ ಜಾಗಗಳನ್ನು ಶುಚಿ ಮಾಡಲೇಬೇಕು ಅಂತ ಇಲ್ಲ. ಶುಚಿ ಮಾಡುವುದಾದರೆ ಪರಿಸರಕ್ಕೆ ಹಾನಿಯಾಗದಂತೆ ಮಾಡಿ ಅಂತ ಇದೆ. ತಯಾರಿ ನಿಲ್ಲಿಸುವುದರಲ್ಲಿ ಈ ಒಪ್ಪಂದ ಬಹಳ ಒಳ್ಳೆಯ ಕೆಲಸ ಮಾಡಿದೆ, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಆಗಲೇ ನದಿ ಸೇರಿದ ವಿಷದ ಮುಂದೆ ಅದರ ದನಿ ಮೆತ್ತಗಾಗುತ್ತದೆ.

ಇನ್ನು ನದಿ ಒಪ್ಪಂದಗಳು. ಹಂಚಿಕೊಂಡ ನದಿಗಳ ಬಗ್ಗೆ ವಿಶ್ವಸಂಸ್ಥೆ 1997ರಲ್ಲಿ ಒಂದು ಒಪ್ಪಂದ ತಂದಿತು. ಪಕ್ಕದ ದೇಶಕ್ಕೆ ಗಣನೀಯ ಹಾನಿ ಮಾಡಬೇಡಿ ಅನ್ನುವುದು ಅದರ ತಿರುಳು. ಚೀನಾ, ಟರ್ಕಿ, ಬುರುಂಡಿ ವಿರುದ್ಧ ಮತ ಹಾಕಿದವು. ಜಾರಿಗೆ ಬರಲು 2014ರವರೆಗೆ ಕಾಯಬೇಕಾಯಿತು. ಹಾನಿ ಅಂದಾಗ ಅದರಲ್ಲಿ ಕಣ್ಣ ಮುಂದೆ ಬರುವುದು ಈಗ ಹರಿಯುವ ನೀರು. ಇಲ್ಲಿ ಹಾನಿ ಮಾಡಿದ ಕೈ ಐವತ್ತು ವರ್ಷ ಹಿಂದಿನದು, ಕಂಪನಿ ಮುಚ್ಚಿದೆ, ಕೆಲವೊಮ್ಮೆ ದೇಶದ ಹೆಸರೇ ಬದಲಾಗಿದೆ. ರಾಸಾಯನಿಕದ ಒಪ್ಪಂದ ಕಾರ್ಖಾನೆಯ ಬಾಗಿಲ ತನಕ ಬರುತ್ತದೆ, ನದಿಯ ಒಪ್ಪಂದ ನೀರಿನ ಮೇಲೆ ತೇಲುತ್ತದೆ, ಹೂಳು ಎರಡರ ನಡುವೆ ಬಿದ್ದುಹೋಗಿದೆ. ರೈನ್, ಎಲ್ಬೆಯಂಥ ಕಡೆ ಜಂಟಿ ಆಯೋಗಗಳು ಆ ಕಂದಕವನ್ನು ಸ್ವಲ್ಪ ಸ್ವಲ್ಪವಾಗಿ ತುಂಬುತ್ತಿವೆ. ಜಗತ್ತಿನಲ್ಲಿ 150ಕ್ಕೂ ಹೆಚ್ಚು ದೇಶಗಳು ನದಿ, ಸರೋವರ ಹಂಚಿಕೊಂಡಿವೆ. ಗಡಿಯ ಎರಡೂ ಕಡೆ ಒಂದೇ ರೀತಿಯಲ್ಲಿ ಹೂಳು ಅಳೆದು ಲೆಕ್ಕ ಹಂಚಿಕೊಳ್ಳುವವು ಅದರಲ್ಲಿ ಸಣ್ಣ ಪಾಲು.

ಹಾವುಮೀನಿನ ವಿಷಯಕ್ಕೆ ಒಂದು ಮಾತು ಬಾಕಿ ಇದೆ. ಹತ್ತಿಪ್ಪತ್ತು ವರ್ಷ ಕೆಸರಿನಲ್ಲಿ ಕಳೆದ ಮೇಲೆ ಅದು ನದಿ ಇಳಿದು, ಅಟ್ಲಾಂಟಿಕ್ ಸಾಗರದ ಆಚೆ ಸರ್ಗಾಸೋ ಸಮುದ್ರದ ಕಡೆ ಹೊರಡುತ್ತದೆ. 5,000 ಕಿಲೋಮೀಟರಿಗೂ ಹೆಚ್ಚಿನ ದಾರಿ. ಹೊರಟ ಮೇಲೆ ಏನೂ ತಿನ್ನುವುದಿಲ್ಲ. ಕೂಡಿಟ್ಟ ಕೊಬ್ಬನ್ನೇ ಉರಿಸಿಕೊಂಡು ಈಜುತ್ತದೆ, ಉಳಿದ ಕೊಬ್ಬಿನಲ್ಲಿ ಮೊಟ್ಟೆ ಕಟ್ಟಿಕೊಳ್ಳುತ್ತದೆ. ಕೊಬ್ಬು ಕರಗಿದ ಹಾಗೆ ಅದರಲ್ಲಿದ್ದ ಪಿಸಿಬಿ, ಡಯಾಕ್ಸಿನ್ ರಕ್ತಕ್ಕೆ ಬಿಡುಗಡೆಯಾಗುತ್ತವೆ, ಒಂದು ಪಾಲು ಮೊಟ್ಟೆಗೂ ಹೋಗುತ್ತದೆ. ಈ ಹಾವುಮೀನು 2008ರಿಂದ ಅಳಿವಿನ ಅತಿ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅಣೆಕಟ್ಟು, ಪರಾವಲಂಬಿ ಹುಳ, ಅತಿಯಾದ ಮೀನುಗಾರಿಕೆ ಅಂತ ಕಾರಣ ಹಲವಾರು ಇವೆ. ಅವುಗಳ ಸಾಲಿನಲ್ಲಿ ಈ ಕೊಬ್ಬಿನಲ್ಲಿ ಕೂತ ವಿಷವೂ ಒಂದು. ನದಿಯಲ್ಲಿ ಒಂದು ಸಲವೂ ಇಡದ ಮೊಟ್ಟೆಯನ್ನು ಅದು ಕೊನೆಗೆ ಯಾವ ದೇಶಕ್ಕೂ ಸೇರದ ಸಮುದ್ರದಲ್ಲಿ ಇಡುತ್ತದೆ. ಮೂರು ನಾಲ್ಕು ದೇಶಗಳ ಹಳೆಯ ಕಾರ್ಖಾನೆಗಳಿಂದ ಬಂದದ್ದು ಆ ಮೊಟ್ಟೆಯಲ್ಲಿರುತ್ತದೆ.